ಮೊಸರಿಗೆ ಬಾವುಟದ ಬಣ್ಣ ಯಾಕೆ?

ಜುಲೈ ಕೊನೆಯ ವಾರ ಬಂತು ಅಂದರೆ ವಾಟ್ಸಾಪಿನಲ್ಲಿ ಅಡುಗೆಮನೆ ದೇಶಪ್ರೇಮ ಶುರುವಾಗುತ್ತದೆ. ತ್ರಿವರ್ಣ ಇಡ್ಲಿ, ತ್ರಿವರ್ಣ ಢೋಕ್ಲಾ, ತ್ರಿವರ್ಣ ಪಲಾವ್, ತ್ರಿವರ್ಣ ಸ್ಯಾಂಡ್‌ವಿಚ್.. ಈಚೆಗೆ ಈ ಸಾಲಿಗೆ ಇನ್ನೊಂದು ಸೇರಿದೆ: ತ್ರಿವರ್ಣ ಪಾರ್ಫೇ. ಗಾಜಿನ ಲೋಟದಲ್ಲಿ ಕೆಳಗೆ ಹಸಿರು ಹಣ್ಣು, ನಡುವೆ ಗಟ್ಟಿ ಮೊಸರು, ಮೇಲೆ ಕೇಸರಿ ಹಣ್ಣು. 'ಹತ್ತೇ ನಿಮಿಷ, ಒಲೆ ಹಚ್ಚೋದೇ ಬೇಡ, ಮಕ್ಕಳೇ ಮಾಡಬಹುದು' ಅಂತ ಕೆಳಗೊಂದು ಸಾಲು. ಜೊತೆಗೆ ಕೈ ಮುಗಿಯುವ ಗೊಂಬೆ.

ಪಾರ್ಫೇ ಅನ್ನೋದು ಫ್ರೆಂಚ್ ಪದ, 'ಪರಿಪೂರ್ಣ' ಅಂತ ಅರ್ಥ. ಫ್ರಾನ್ಸಿನಲ್ಲಿ ಮೊಟ್ಟೆಯ ಹಳದಿ, ಸಕ್ಕರೆ ಪಾಕ, ಕೆನೆ ಸೇರಿಸಿ ಹೆಪ್ಪುಗಟ್ಟಿಸುವ ಸಿಹಿಗೆ ಆ ಹೆಸರು. ಅದು ಅಮೆರಿಕಕ್ಕೆ ಹೋಗಿ ಉದ್ದನೆ ಲೋಟದೊಳಗೆ ಇಳಿಯಿತು. ಐಸ್‌ಕ್ರೀಮು, ಕೆನೆ, ಹಣ್ಣು ಒಂದರ ಮೇಲೊಂದು. ಆಮೇಲೆ ಆರೋಗ್ಯದ ಕಾಳಜಿ ಬಂದು ಐಸ್‌ಕ್ರೀಮಿನ ಜಾಗಕ್ಕೆ ಮೊಸರು ಬಂತು, ಕೆನೆಯ ಜಾಗಕ್ಕೆ ಗ್ರಾನೋಲಾ ಅನ್ನುವ ಹುರಿದ ಓಟ್ಸ್ ಬಂತು. ಈಗ ನಮ್ಮಲ್ಲಿಗೆ ಬಂದಿರೋದು ಈ ಅಮೆರಿಕದ ಲೋಟ.

ಲೋಟದ ಮೇಲೆ ನನಗೆ ಯಾವ ಕೋಪವೂ ಇಲ್ಲ. ಮೊಸರು-ಹಣ್ಣು ಯಾರಿಗೆ ಬೇಡ ಹೇಳಿ? ನನ್ನ ತಕರಾರು ಏನಿದ್ದರೂ ಬಾವುಟವನ್ನು ಆ ಲೋಟದೊಳಗೆ ತುರುಕೋದರ ಬಗ್ಗೆ. 'ಅಯ್ಯೋ, ಒಂದು ದಿನದ ಖುಷಿ, ಅದಕ್ಕೂ ಕೊಂಕಾ' ಅನ್ನುವವರು ಸ್ವಲ್ಪ ತಾಳ್ಮೆಯಿಂದ ಓದಿ, ಆಮೇಲೆ ಬೈಯಿರಿ.

ಇದರ ಮೂಲ ಅಮೆರಿಕದ ಜುಲೈ ನಾಲ್ಕು. ಕೆಲಸದ ಮೇಲೆ ಎರಡು ವರ್ಷ ನ್ಯೂಜೆರ್ಸಿಯಲ್ಲಿದ್ದಾಗ ಎರಡು ಸಲ ಈ ಹಬ್ಬ ನೋಡಿದ್ದೇನೆ. ಮಧ್ಯಾಹ್ನ ಹಿತ್ತಿಲಲ್ಲಿ ಕೆಂಡದ ಮೇಲೆ ಮಾಂಸ, ಜೋಳ ಸುಡೋದು, ರಾತ್ರಿ ಪಟಾಕಿ. ನಡುವೆ ಎಲ್ಲರ ಮನೆಯ ಮೇಜಿನ ಮೇಲೂ ಕೆಂಪು-ಬಿಳಿ-ನೀಲಿಯ ಒಂದು ಸಿಹಿ. ಬಹಳ ಸಲ ಅದು ಇದೇ ಲೋಟ. ಕೆಳಗೆ ಬ್ಲೂಬೆರಿ, ಮೇಲೆ ಮೊಸರು, ಅದರ ಮೇಲೆ ಹೆಚ್ಚಿದ ಸ್ಟ್ರಾಬೆರಿ, ಮತ್ತೆ ಮೊಸರು, ತುದಿಗೆ ನಾಲ್ಕು ಬ್ಲೂಬೆರಿ. ಮಾಡೋರಿಗೆ ಕಷ್ಟವಿಲ್ಲ, ತಿನ್ನೋರಿಗೆ ಬೇಜಾರಿಲ್ಲ. ಮಾಂಸ ತಿನ್ನದ ನಮ್ಮಂಥವರಿಗೆ ಆ ಮೇಜಿನ ಮೇಲೆ ನಿಶ್ಚಿಂತೆಯಿಂದ ಕೈ ಹಾಕಬಹುದಾದ ಪದಾರ್ಥ ಅದು ಮತ್ತು ಸುಟ್ಟ ಜೋಳ ಎರಡೇ.

ನೋಡಿ, ಅಲ್ಲಿ ಆ ಲೋಟ ಯಾಕೆ ಚೆನ್ನಾಗಿರುತ್ತದೆ ಅಂದರೆ ಬಣ್ಣ ಹೊಂದುತ್ತದೆ ಅಂತಲ್ಲ. ಜುಲೈ ಮೊದಲ ವಾರ ನ್ಯೂಜೆರ್ಸಿಯ ದಕ್ಷಿಣದಲ್ಲಿ ಹ್ಯಾಮಂಟನ್ ಅನ್ನುವ ಊರಿನ ಸುತ್ತ ಹೋದರೆ ಗೊತ್ತಾಗುತ್ತದೆ. ತನ್ನನ್ನು ತಾನು 'ಜಗತ್ತಿನ ಬ್ಲೂಬೆರಿ ರಾಜಧಾನಿ' ಅಂತ ಕರೆದುಕೊಳ್ಳುವ ಊರು ಅದು. ಜೂನ್ ನಡುವಿನಿಂದ ಜುಲೈ ಕೊನೆವರೆಗೆ ಅಲ್ಲಿ ಕೊಯ್ಲು. ತೋಟದವರು ಒಂದು ಬಕೆಟ್ ಕೊಟ್ಟು 'ನೀವೇ ಕಿತ್ತುಕೊಳ್ಳಿ' ಅಂತಾರೆ. ಹಬ್ಬ ಬಂದ ಹೊತ್ತಿಗೆ ಹಣ್ಣು ಮಾಗಿರುತ್ತದೆ, ಅಷ್ಟೇ. ನೀಲಿ ಬೇಕು ಅಂತ ಯಾರೂ ಹುಡುಕಿಕೊಂಡು ಹೋಗಿಲ್ಲ, ನೀಲಿ ಅವರ ಹಿತ್ತಲಲ್ಲೇ ಇತ್ತು.

ಹಿತ್ತಲು ಅಂದೆನಲ್ಲ, ಅದಕ್ಕೂ ಒಂದು ಒಳ್ಳೆ ಕಥೆ ಇದೆ. ಬ್ಲೂಬೆರಿ ಉತ್ತರ ಅಮೆರಿಕದ ಕಾಡುಗಿಡ. ನೂರು ವರ್ಷದ ಹಿಂದಿನವರೆಗೂ ಅದನ್ನು ತೋಟದಲ್ಲಿ ಬೆಳೆಯೋದು ಆಗದ ಮಾತು ಅಂತಲೇ ಜನ ನಂಬಿದ್ದರು. ಅದೇ ನ್ಯೂಜೆರ್ಸಿಯ ವೈಟ್ಸ್‌ಬಾಗ್ ಎಂಬಲ್ಲಿ ಎಲಿಜಬೆತ್ ವೈಟ್ ಅಂತ ಒಬ್ಬ ಕ್ರ್ಯಾನ್‌ಬೆರಿ ತೋಟದವರ ಮಗಳು. ಸರ್ಕಾರದ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಕೊವಿಲ್ ಬರೆದ ವರದಿ ಓದಿ, '1911ರಲ್ಲಿ ನಮ್ಮ ಜಮೀನಿನಲ್ಲೇ ಮಾಡಿ ನೋಡೋಣ ಬನ್ನಿ' ಅಂತ ಅವರನ್ನು ಕರೆದಳು. ಕಾಡಿನಲ್ಲಿ ಹಣ್ಣು ಆಯುವವರ ಕೈಗೆ ಅಳತೆಯ ತೂತಿದ್ದ ಪಟ್ಟಿ ಕೊಟ್ಟು, ಈ ತೂತಿಗಿಂತ ದೊಡ್ಡ ಹಣ್ಣು ಬಿಡುವ ಗಿಡ ತೋರಿಸಿದವರಿಗೆ ದುಡ್ಡು ಅಂದಳು. ಗಿಡಕ್ಕೆ ಅದನ್ನು ತೋರಿಸಿದವರ ಹೆಸರನ್ನೇ ಇಟ್ಟಳು. 1916ರಲ್ಲಿ ಮೊದಲ ತೋಟದ ಬೆಳೆ ಮಾರಾಟಕ್ಕೆ ಬಂತು. ಇವತ್ತು ಅಲ್ಲಿನ ಮಕ್ಕಳು ಜುಲೈ ನಾಲ್ಕಕ್ಕೆ ಲೋಟದ ತುದಿಗೆ ಇಡುವ ನೀಲಿ ಹಣ್ಣಿನ ಹಿಂದೆ ಇಷ್ಟು ಮಣ್ಣಿನ ಕೆಲಸ ಇದೆ.

ಹಾಗಂತ ಅಮೆರಿಕದವರೆಲ್ಲ ಸತ್ಯವಂತರು ಅಂತಲ್ಲ. ಕಣ್ಣು ಕುಕ್ಕುವ ನೀಲಿ ಜೆಲ್ಲಿ, ನಕಲಿ ಕೆನೆ, ಬಣ್ಣದ ಸಕ್ಕರೆ ಹಾಕಿದ ಕಪ್‌ಕೇಕು ಅದೇ ಮೇಜಿನ ಮೇಲೆ ಧಾರಾಳವಾಗಿ ಇರುತ್ತವೆ. ಅದನ್ನು ತಿಂದ ಮಕ್ಕಳ ನಾಲಿಗೆ ಸಂಜೆವರೆಗೂ ನೀಲಿ. ನಾನು ಹೊಗಳ್ತಿರೋದು ಹಣ್ಣಿನ ಲೋಟವನ್ನು ಮಾತ್ರ.

ಈಗ ಆ ಲೋಟವನ್ನು ಆಗಸ್ಟ್ ಹದಿನೈದಕ್ಕೆ ಬೆಂಗಳೂರಿಗೆ ತನ್ನಿ. ಕೆಂಪು-ಬಿಳಿ-ನೀಲಿ ಅಳಿಸಿ ಕೇಸರಿ-ಬಿಳಿ-ಹಸಿರು ಬರೆದರೆ ಮುಗೀತು ಅನ್ನಿಸುತ್ತದೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳಬೇಕಾದರೆ, ಮೂರು ವೇರಿಯಬಲ್ ಬದಲಾಯಿಸಿ ಕೋಡ್ ಹಾಗೇ ಓಡಿಸೋದು. ಓಡೋದಿಲ್ಲ ಸ್ವಾಮಿ.

ಮೊದಲು ಕೇಸರಿ. ಆಗಸ್ಟ್ ನಡುವಿಗೆ ಮಾವಿನ ಕಾಲ ಮುಗಿದಿರುತ್ತದೆ. ನೀಲಂ ಅನ್ನುವ ತಡವಾದ ತಳಿ ಅಲ್ಲೊಂದು ಇಲ್ಲೊಂದು ಬುಟ್ಟಿಯಲ್ಲಿ ಕಂಡರೆ ಪುಣ್ಯ. ಕಿತ್ತಳೆ ಚಳಿಗಾಲದ್ದು, ನಾಗಪುರದ್ದಾಗಲಿ ಕೊಡಗಿನದ್ದಾಗಲಿ ಆಗಸ್ಟಿನಲ್ಲಿ ಗಿಡದ ಮೇಲೆ ಹಸಿರಾಗೇ ಇರುತ್ತದೆ. ಕರ್ಬೂಜ ಬೇಸಿಗೆಯದ್ದು. ಉಳಿದದ್ದು ಪಪ್ಪಾಯಿ, ಅದು ವರ್ಷವಿಡೀ ಸಿಗುತ್ತದೆ. ಇನ್ನು ಹಸಿರು. ಹಸಿರು ದ್ರಾಕ್ಷಿ ವಿಜಯಪುರದ ಕಡೆಯಿಂದ ಬರೋದು ಫೆಬ್ರುವರಿ, ಮಾರ್ಚಿನಲ್ಲಿ. ಹಾಗಾಗಿ ಎಲ್ಲ ಪಾಕವಿಧಾನಗಳೂ ಕಿವಿ ಹಣ್ಣಿಗೆ ಜೋತು ಬೀಳುತ್ತವೆ. ಒಂದೊಂದನ್ನೂ ಸ್ಟಿಕರ್ ಅಂಟಿಸಿ ಡಬ್ಬಿಯಲ್ಲಿ ಮಾರುವ ಹಣ್ಣು, ಹೆಚ್ಚಿನದು ಹೊರದೇಶದಿಂದ ಬಂದದ್ದು. ಸ್ವಾತಂತ್ರ್ಯ ದಿನಕ್ಕೆ ಆಮದಾದ ಹಸಿರು! ಇನ್ನೂ ಉತ್ಸಾಹಿಗಳು ನಡುವಿನ ಮೊಸರಿನ ಮೇಲೆ ಚಕ್ರಕ್ಕೆ ಅಂತ ಒಂದು ಬ್ಲೂಬೆರಿಯನ್ನೂ ಇಡುತ್ತಾರೆ. ಇಪ್ಪತ್ತನಾಲ್ಕು ಅರ ಎಲ್ಲಿ ಅಂತ ಮಾತ್ರ ಕೇಳಬೇಡಿ.

ಇರಲಿ, ಆಮದಿನ ಮಾತು ಬಿಡೋಣ. ನಾವು ಬಳಸುವ ಲ್ಯಾಪ್‌ಟಾಪೂ ಹೊರಗಿನದ್ದೇ. ದೊಡ್ಡ ತೊಂದರೆ ಇರೋದು ಲೋಟದ ಒಳಗೆ. ಪಪ್ಪಾಯಿಯಲ್ಲಿ ಪಪೈನ್, ಕಿವಿಯಲ್ಲಿ ಆಕ್ಟಿನಿಡಿನ್, ಅನಾನಸಿನಲ್ಲಿ ಬ್ರೊಮೆಲೈನ್ ಅಂತ ಕಿಣ್ವಗಳಿವೆ. ಮೂರರ ಕೆಲಸವೂ ಒಂದೇ, ಪ್ರೊಟೀನನ್ನು ತುಂಡು ತುಂಡು ಮಾಡೋದು. ಮಾಂಸ ಮೆತ್ತಗಾಗಲಿ ಅಂತ ಪಪ್ಪಾಯಿಕಾಯಿ ಅರೆದು ಹಚ್ಚುತ್ತಾರಲ್ಲ, ಅದೇ ಕೆಲಸ. ಮೊಸರು ಗಟ್ಟಿಯಾಗಿ ನಿಲ್ಲೋದೇ ಹಾಲಿನ ಪ್ರೊಟೀನಿನ ಬಲೆಯಿಂದ. ಈ ಕಿಣ್ವ ತಗುಲಿತೋ, ಬಲೆ ಹರಿಯುತ್ತದೆ, ನೀರು ಬಿಡುತ್ತದೆ. ತುಂಡಾದ ಪ್ರೊಟೀನಿನ ಚೂರುಗಳು ನಾಲಿಗೆಗೆ ಕಹಿ. ಹಣ್ಣಾದ ಪಪ್ಪಾಯಿಯಲ್ಲಿ ಕಾಯಿಗಿಂತ ಕಿಣ್ವ ಕಡಿಮೆ ನಿಜ, ಆದರೆ ಕಿವಿ ಹಣ್ಣಾದ ಮೇಲೂ ಸುಮ್ಮನಿರೋದಿಲ್ಲ. ಆ ಕ್ಷಣಕ್ಕೆ ಕಲಸಿ ತಿಂದರೆ ಏನೂ ಗೊತ್ತಾಗುವುದಿಲ್ಲ. ಲೋಟಕ್ಕೆ ಹಾಕಿ ಫ್ರಿಜ್ಜಿನಲ್ಲಿ ಇಟ್ಟಿರೋ, ಬೆಳಗಾಗುವ ಹೊತ್ತಿಗೆ ಕಷಾಯ.

ಅಂದರೆ ನೋಡಿ, ಅಮೆರಿಕದ ಬಾವುಟದ ಎರಡು ಹಣ್ಣಿಗೂ ಮೊಸರಿನ ಜೊತೆ ಜಗಳವಿಲ್ಲ. ನಮ್ಮ ಬಾವುಟಕ್ಕೆ ಅಂತ ಆರಿಸಿದ ಎರಡಕ್ಕೂ ಮೊಸರು ಆಗೋದಿಲ್ಲ. ಬಣ್ಣ ನೋಡಿ ಹಣ್ಣು ಆರಿಸಿದರೆ ಹೀಗೇ ಆಗೋದು.

ಎರಡು ವರ್ಷದ ಹಿಂದೆ ನಾನಿದ್ದ ಆಫೀಸಿನಲ್ಲಿ ಇದರ ಪೂರ್ತಿ ಪ್ರಯೋಗ ನಡೆಯಿತು. ಹದಿನೈದು ರಜೆ, ಹಾಗಾಗಿ ಆಚರಣೆ ಹದಿನಾಲ್ಕಕ್ಕೆ. ಅಡುಗೆ ಗುತ್ತಿಗೆಯವರಿಗೆ ಮೇಲಿನಿಂದ ಒಂದು ಫೋಟೋ ಹೋಗಿತ್ತು, 'ಹೀಗೇ ಇರಬೇಕು' ಅಂತ. ಅವರು ಹದಿಮೂರರ ರಾತ್ರಿಯೇ ನೂರೈವತ್ತು ಕಪ್ ತುಂಬಿಟ್ಟಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಅವು ಮೇಜಿನ ಮೇಲೆ ಸಾಲಾಗಿ ಬಂದಾಗ ನೋಡೋಕೆ ಚೆನ್ನಾಗೇ ಇದ್ದವು. ಹಸಿರಿನ ಮೇಲೆ ಒಂದು ತೆಳ್ಳನೆ ನೀರಿನ ಪದರ ನಿಂತಿತ್ತು ಅಷ್ಟೇ. ಫೋಟೋ ಆಯಿತು, ಭಾಷಣ ಆಯಿತು. ಒಂದು ಚಮಚ ಬಾಯಿಗಿಟ್ಟವರ ಮುಖಗಳು ಸರದಿಯಲ್ಲಿ ಕೆಟ್ಟವು. ಯಾರೂ ಏನೂ ಹೇಳಲಿಲ್ಲ. ಸುಮ್ಮನೆ ಕಪ್ ಕೆಳಗಿಟ್ಟು ಸಮೋಸಾ ಕಡೆ ನಡೆದರು. ಮಧ್ಯಾಹ್ನ ಹೌಸ್‌ಕೀಪಿಂಗಿನ ಇಬ್ಬರು ಹೆಂಗಸರು ನಾಲ್ಕು ದೊಡ್ಡ ಕರಿ ಚೀಲಗಳಲ್ಲಿ ಕೇಸರಿ-ಬಿಳಿ-ಹಸಿರನ್ನು ಒಟ್ಟಿಗೆ ಸುರಿದುಕೊಂಡು ಲಿಫ್ಟಿನಲ್ಲಿ ಇಳಿಸುತ್ತಿದ್ದರು. ಕಪ್ಪು ಪ್ಲಾಸ್ಟಿಕ್ಕಿನದ್ದು ಬೇರೆ. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ಚಮಚ, ಅಷ್ಟೇ ಯಾಕೆ, ಪ್ಲಾಸ್ಟಿಕ್ ಬಾವುಟವನ್ನೂ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿಸಿದ್ದಾರೆ. ಆವತ್ತು ಆ ಮೇಜಿನ ಮೇಲೆ ಮೂರೂ ಇದ್ದವು.

ಅವರಲ್ಲಿ ಒಬ್ಬರು ನನ್ನನ್ನು ಕೇಳಿದರು: "ಮೊಸ್ರು ಚೆನ್ನಾಗೇ ಇತ್ತಲ್ಲ ಸಾರ್, ಬರೀ ಮೊಸ್ರೇ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಕಹಿಯ ಗೊಡವೆ ಬೇಡ ಅಂತ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಹಣ್ಣೇ ಬೇಡ, ಮೊಸರನ್ನು ಮೂರು ಪಾಲು ಮಾಡಿ ಒಂದಕ್ಕೆ ಕೇಸರಿ ಬಣ್ಣ, ಒಂದಕ್ಕೆ ಹಸಿರು ಬಣ್ಣ, ಮೇಲೆ ಅಲಂಕಾರಕ್ಕೆ ಒಂದು ಚೂರು ಹಣ್ಣು. ನಿಜ ಹೇಳಬೇಕೆಂದರೆ ಯೂಟ್ಯೂಬಿನಲ್ಲಿ ಕಣ್ಣಿಗೆ ಹೊಡೆಯುವ ತ್ರಿವರ್ಣ ಲೋಟಗಳಲ್ಲಿ ಬಹಳಷ್ಟು ಹೀಗೆ ಬಾಟಲಿಯಿಂದ ಬಂದವೇ. ಕಿತ್ತಳೆ ಬಣ್ಣದ ಬಾಟಲಿಯಲ್ಲಿ ಸಾಮಾನ್ಯವಾಗಿ ಸನ್‌ಸೆಟ್ ಯೆಲ್ಲೋ, ಹಸಿರಿನದ್ದರಲ್ಲಿ ಟಾರ್ಟ್ರಜಿನ್ ಹಳದಿ ಮತ್ತು ಬ್ರಿಲಿಯಂಟ್ ಬ್ಲೂ ಬೆರಕೆ. ಇವು ನಿಗದಿತ ಮಿತಿಯಲ್ಲಿ ಕೆಲವು ಆಹಾರಗಳಿಗೆ ಅನುಮತಿ ಇರುವ ಬಣ್ಣಗಳೇ, ವಿಷ ಅಂತ ನಾನು ಹೆದರಿಸುತ್ತಿಲ್ಲ. ಆದರೆ ನೆನಪಿದೆಯಾ, 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬೊಂಬಾಯಿ ಮಿಠಾಯಿಗೆ ರೋಡಮಿನ್-ಬಿ ಹಾಕಬಾರದು ಅಂತ ನಿಷೇಧ ಹೇರಿತು. ಜೂನಿನಲ್ಲಿ ಕಬಾಬಿನ ಸರದಿಯೂ ಬಂತು. ಆಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ರಸ್ತೆ ಬದಿಯ ಗಾಡಿಯವನಿಗೆ 'ಬಣ್ಣ ಹಾಕಬೇಡ ಕಣಯ್ಯ' ಅಂತ ಬುದ್ಧಿ ಹೇಳಿದ ಕೈಯಲ್ಲೇ ಆಗಸ್ಟಿನಲ್ಲಿ ಮಗುವಿನ ಮೊಸರಿಗೆ ಎರಡು ಹನಿ ಬಿಡೋದು.. ದೇಶಕ್ಕೋಸ್ಕರ ಅಂದರೆ ಬಣ್ಣಕ್ಕೆ ವಿನಾಯಿತಿ ಸಿಗುತ್ತದಾ?

ಇಲ್ಲಿ ಇನ್ನೊಂದು ಗುಂಪಿನವರು ನನ್ನ ಬೆನ್ನು ತಟ್ಟೋಕೆ ಬರುತ್ತಾರೆ, 'ಸರಿಯಾಗಿ ಹೇಳಿದೆ, ಬಾವುಟವನ್ನು ತಿನ್ನೋದು ಅಪಮಾನ' ಅಂತ. ನಾನು ಆ ಪಕ್ಷದವನೂ ಅಲ್ಲ. ಕೊಯಮತ್ತೂರಿನಲ್ಲಿ 2013ರ ಕ್ರಿಸ್‌ಮಸ್ ಹಬ್ಬಕ್ಕೆ ಆರು ಅಡಿ, ಐದು ಅಡಿಯ ಒಂದು ಕೇಕ್ ಮಾಡಿದ್ದರು. ಮೇಲೆ ಭಾರತದ ನಕ್ಷೆ, ತ್ರಿವರ್ಣ, ನಡುವೆ ಅಶೋಕ ಚಕ್ರ. ಅದನ್ನು ಕತ್ತರಿಸಿ ಹಂಚಿದ್ದಕ್ಕೆ ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಯಡಿ ದೂರು ಬಿತ್ತು. 2021ರ ಮಾರ್ಚಿನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ಇದು ಅಪಮಾನವಲ್ಲ ಅಂತ ಆ ಪ್ರಕರಣವನ್ನು ರದ್ದು ಮಾಡಿದರು. ನನಗೂ ಹಾಗೇ ಅನ್ನಿಸುತ್ತದೆ. ಪ್ರೀತಿಯಿಂದ ಕೇಕ್ ಮಾಡಿದವರನ್ನು ಏಳು ವರ್ಷ ಕೋರ್ಟಿಗೆ ಅಲೆಸೋದು ದೇಶಭಕ್ತಿ ಅಲ್ಲ. ಲೋಟದಲ್ಲಿ ಪಪ್ಪಾಯಿ ಇಟ್ಟವರ ಮೇಲೆ ಪೊಲೀಸರನ್ನು ಬಿಡಿ ಅಂತ ಹೇಳೋಕೆ ಈ ಬರಹ ಅಲ್ಲ.

ನನ್ನ ಮಾತು ಬೇರೆ. ಬಾವುಟಕ್ಕೆ ಅದರದ್ದೇ ಒಂದು ಮೈ ಇದೆ, ಅದು ಬಟ್ಟೆ. ನಮ್ಮ ದೇಶದ ಮಾನಕಗಳ ಪಟ್ಟಿಯಲ್ಲಿ 'ಐಎಸ್ 1', ಅಂದರೆ ಮೊಟ್ಟಮೊದಲ ನಂಬರು, ಇರೋದೇ ರಾಷ್ಟ್ರಧ್ವಜಕ್ಕೆ. ಎಂಜಿನಿಯರಿಂಗ್ ಓದುವಾಗ ಸಿಮೆಂಟಿಗೆ, ಕಬ್ಬಿಣಕ್ಕೆ, ತಂತಿಗೆ ಐಎಸ್ ನಂಬರು ಉರು ಹೊಡೆದಿದ್ದೆವು. ಒಂದನೇ ನಂಬರು ಯಾವುದಕ್ಕೆ ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ. ನೂಲು ಎಷ್ಟು ದಪ್ಪ, ಬಣ್ಣದ ಛಾಯೆ ಯಾವುದು, ತೊಳೆದರೆ, ಬಿಸಿಲಿಗೆ ಹಿಡಿದರೆ ಅದು ನಿಲ್ಲಬೇಕಾದದ್ದು ಹೇಗೆ, ಎಲ್ಲ ಅದರಲ್ಲಿದೆ. ಧಾರವಾಡದ ಹತ್ತಿರದ ಗರಗದಲ್ಲಿ ಆ ಖಾದಿ ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಬಾವುಟ ಹೊಲಿಯುತ್ತಾರೆ. ಒಂದು ದಾರ ಹೆಚ್ಚು ಕಡಿಮೆಯಾದರೂ ಮಾಲು ವಾಪಸ್. ಬಣ್ಣ ಅಂದರೆ ಅಲ್ಲಿ ಅಷ್ಟು ಗಂಭೀರ ವಿಷಯ. (2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟ ಮೇಲೆ ಆ ನೇಕಾರರ ಪಾಡು ಏನು ಅನ್ನೋದು ಇನ್ನೊಂದು ಬರಹದ ವಿಷಯ. ಬರೆಯುತ್ತೇನೆ.) ಖಾದಿಗೆ ಅಷ್ಟು ಶ್ರಮಪಟ್ಟು ಬರಿಸುವ ಬಣ್ಣವನ್ನು ಮೊಸರಿಗೆ ಎರಡು ಹನಿಯಲ್ಲಿ ಬರಿಸಿ 'ದೇಶ' ಅಂದರೆ ನನಗೆ ಯಾಕೋ ಸಪ್ಪೆ ಅನ್ನಿಸುತ್ತದೆ.

ನಮ್ಮ ಹಬ್ಬಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಯುಗಾದಿಗೆ ಬೇವು-ಬೆಲ್ಲ, ಆ ಹೊತ್ತಿಗೆ ಬೇವು ಹೂ ಬಿಟ್ಟಿರುತ್ತದೆ. ರಾಮನವಮಿಗೆ ಪಾನಕ, ಕೋಸಂಬರಿ, ಯಾಕೆಂದರೆ ಬಿಸಿಲು. ಸಂಕ್ರಾಂತಿಗೆ ಎಳ್ಳು-ಬೆಲ್ಲ, ಕಬ್ಬು, ಸುಗ್ಗಿಯ ಕಾಲ. ನಾಗರ ಪಂಚಮಿಗೆ ಉತ್ತರ ಕರ್ನಾಟಕದಲ್ಲಿ ಥರಥರದ ಉಂಡಿ. ಒಂದರಲ್ಲಾದರೂ ಬಣ್ಣ ಮೊದಲು, ರುಚಿ ಆಮೇಲೆ ಅಂತ ಇದೆಯಾ? ಆ ತಿಂಗಳು ನೆಲ ಏನು ಕೊಟ್ಟಿತೋ, ಮೈಗೆ ಏನು ಬೇಕೋ ಅದೇ ಹಬ್ಬದ ಅಡುಗೆ ಆಯಿತು. ಎಳ್ಳು-ಬೆಲ್ಲ ತಿಂದ ಮಗು ಅರವತ್ತು ವರ್ಷವಾದ ಮೇಲೂ ಅದರ ರುಚಿಯಿಂದಲೇ ಸಂಕ್ರಾಂತಿಯನ್ನು ಗುರುತು ಹಿಡಿಯುತ್ತದೆ.

ಸ್ವಾತಂತ್ರ್ಯ ದಿನಕ್ಕೆ ಅಂಥ ರುಚಿ ಇನ್ನೂ ಬಂದಿಲ್ಲ. ಅದು ಎಳೆಯ ಹಬ್ಬ, 1947ರಿಂದ ಈಚೆಗೆ ಹುಟ್ಟಿದ್ದು. ನಮ್ಮ ಶಾಲೆಯಲ್ಲಿ ಪೆಪ್ಪರ್‌ಮೆಂಟು ಕೊಡುತ್ತಿದ್ದರು, ದಾನಿಗಳು ಸಿಕ್ಕ ವರ್ಷ ಬೂಂದಿ ಲಾಡು. ನಿಮ್ಮಲ್ಲಿ ಕೆಲವರಿಗೆ ಮೈಸೂರುಪಾಕು, ಕೆಲವರಿಗೆ ಉಪ್ಪಿಟ್ಟು-ಕೇಸರಿಬಾತು ಸಿಕ್ಕಿರಬಹುದು. ಹೀಗೇ ಅಂತ ಒಂದು ಪದ್ಧತಿ ಇಲ್ಲ. ಮನೆಯಲ್ಲಂತೂ ಆವತ್ತು ಬರೀ ರಜೆಯ ಊಟ. ನನಗೆ ಇದು ಒಂದು ಕೊರತೆ ಅನ್ನೋದಕ್ಕಿಂತ ಒಂದು ಅವಕಾಶ ಅನ್ನಿಸುತ್ತದೆ. ಹಬ್ಬಕ್ಕೆ ಅಡುಗೆ ಹುಟ್ಟುವುದನ್ನು ಕಣ್ಣಾರೆ ನೋಡುವ ಭಾಗ್ಯ ಎಷ್ಟು ತಲೆಮಾರಿಗೆ ಸಿಗುತ್ತದೆ? ಅಂಥ ಹೊತ್ತಿನಲ್ಲಿ ಬೇರೆಯವರ ಲೋಟ ತಂದು, ಬಾಟಲಿ ಬಣ್ಣ ಬಳಿದು ರೂಢಿ ಮಾಡಿಬಿಟ್ಟರೆ, ಇನ್ನು ಇಪ್ಪತ್ತು ವರ್ಷಕ್ಕೆ ಅದೇ 'ನಮ್ಮ ಸಂಪ್ರದಾಯ' ಆಗಿ ಕೂತಿರುತ್ತದೆ. ಈಗಿನ ಮಕ್ಕಳಿಗೆ ಆಗಸ್ಟ್ ಹದಿನೈದರ ರುಚಿ ಅಂದರೆ ಕಹಿ ಕಿವಿ ಮತ್ತು ಸನ್‌ಸೆಟ್ ಯೆಲ್ಲೋ.

ಇಷ್ಟೆಲ್ಲ ಬರೆದ ಮೇಲೂ ಲೋಟವನ್ನು ಬಿಡೋಕೆ ನನಗೆ ಮನಸ್ಸಿಲ್ಲ, ಮೊದಲೇ ಹೇಳಿದೆನಲ್ಲ. ಬಾವುಟ ತೆಗೆದು ಆಗಸ್ಟನ್ನು ಹಾಕಿ. ಮಳೆಗಾಲದ ಸೀಬೆ (ಮಲೆನಾಡಿನವರಿಗೆ ಪೇರಲೆ) ಆಗ ಗಾಡಿಗಳ ತುಂಬ ಇರುತ್ತದೆ. ಕೊಪ್ಪಳ, ಬಾಗಲಕೋಟೆ, ಚಿತ್ರದುರ್ಗದ ಕಡೆಯ ದಾಳಿಂಬೆ ಇದೆ. ಏಲಕ್ಕಿ ಬಾಳೆ ಎಂದೂ ಕೈ ಬಿಟ್ಟದ್ದಿಲ್ಲ. ಸೀತಾಫಲ ಆಗ ತಾನೇ ತಲೆ ಹಾಕುತ್ತಿರುತ್ತದೆ. ಸೀಸನ್ನಿನ ಕೊನೆಯ ನೇರಳೆ ಸಿಕ್ಕರಂತೂ ಕೇಳೋದೇ ಬೇಡ. ಇವು ಯಾವುದಕ್ಕೂ ಮೊಸರಿನ ಮೇಲೆ ದ್ವೇಷ ಇಲ್ಲ.

ನಾನು ಮಾಡೋದು ಹೀಗೆ. ಹಿಂದಿನ ರಾತ್ರಿ ಗಟ್ಟಿ ಹಾಲಿನ ಒಂದು ಲೀಟರ್ ಮೊಸರನ್ನು ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಜಾಲರಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಿನೊಳಗೆ ಬಿಡೋದು. ಹೊರಗೆ ನೇತು ಹಾಕಿದರೆ ಬೆಳಿಗ್ಗೆಗೆ ಹುಳಿ ಏರುತ್ತದೆ, ಮಕ್ಕಳು ತಿನ್ನೋದಿಲ್ಲ. ಬೆಳಿಗ್ಗೆ ನೋಡಿದರೆ ಮೊಸರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು ಬೆಣ್ಣೆಯಂತೆ ಕೂತಿರುತ್ತದೆ. ಕೆಳಗೆ ಇಳಿದ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸೋಕೆ ಬಹಳ ಚೆನ್ನ. ಮೊಸರಿಗೆ ಮೂರು ಚಮಚ ಪುಡಿ ಸಕ್ಕರೆಯೋ ಜೇನೋ, ಎರಡು ಏಲಕ್ಕಿ. ಬೆಲ್ಲ ಹಾಕಿದರೆ ರುಚಿ, ಆದರೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ನನಗೆ ಅದರಿಂದ ಬೇಸರವಿಲ್ಲ, ನಿಮ್ಮಿಷ್ಟ.

ಗ್ರಾನೋಲಾ ಬೇಡವೇ ಬೇಡ. ಗಟ್ಟಿ ಅವಲಕ್ಕಿಯನ್ನು ಒಣ ಬಾಣಲೆಯಲ್ಲಿ ಗರಿಗರಿ ಆಗುವವರೆಗೆ ಹುರಿದು, ಒಂದು ಚಮಚ ತುಪ್ಪ, ಸ್ವಲ್ಪ ಬೆಲ್ಲದ ಪುಡಿ, ಹುರಿದ ಎಳ್ಳು ಸೇರಿಸಿ ತಣಿಸಿ. ಮೊಸರು-ಅವಲಕ್ಕಿ ನಮಗೆ ಹೊಸದೇನಲ್ಲ, ಗೋಕುಲಾಷ್ಟಮಿಗೆ ಹೇಗೂ ಮಾಡುತ್ತೇವೆ. ಲೋಟದ ತಳಕ್ಕೆ ಸೀಬೆ. ಬೀಜದ ಭಾಗ ತೆಗೆದು ಸಣ್ಣಗೆ ಹೆಚ್ಚಿದ್ದು. ಕೆಂಪು ತಿರುಳಿನದಾದರೆ ಕಣ್ಣಿಗೂ ಹಬ್ಬ. ಅದರ ಮೇಲೆ ಮೊಸರು, ಅದರ ಮೇಲೆ ಬಾಳೆ, ಮತ್ತೆ ಮೊಸರು, ತುದಿಗೆ ದಾಳಿಂಬೆ. ದಾಳಿಂಬೆ ಕಾಳನ್ನು ಬಟ್ಟೆಯಲ್ಲಿ ಒರೆಸಿ ಹಾಕಿ, ಇಲ್ಲದಿದ್ದರೆ ಕೆಂಪು ನೀರು ಇಳಿದು ಮೊಸರೆಲ್ಲ ಗುಲಾಬಿ. ಅವಲಕ್ಕಿಯನ್ನು ಕೈಗೆ ಕೊಡುವ ಮುಂಚೆ ಉದುರಿಸಿ, ಮೆತ್ತಗಾದರೆ ಅದರ ಮಜ ಹೋಯಿತು. ಒಂದು ಲೀಟರಿನಲ್ಲಿ ನಾಲ್ಕು ಜನಕ್ಕೆ ಧಾರಾಳ. ಸ್ಟೀಲ್ ಲೋಟ ಬಳಸಿದರೆ ಪದರ ಕಾಣೋದಿಲ್ಲ ಅಂತೀರಾ? ಚಮಚ ಹಾಕಿದಾಗ ಕಾಣುತ್ತದೆ ಬಿಡಿ :)

ಇಲ್ಲ, ಮಕ್ಕಳಿಗೆ ಮೂರು ಬಣ್ಣವೇ ಬೇಕು ಅಂತ ಹಠ ಅಂದರೆ ಅದಕ್ಕೂ ದಾರಿ ಇದೆ. ಪಪ್ಪಾಯಿಯನ್ನು ಹೆಚ್ಚಿ ಕುದಿ ಬರುವವರೆಗೆ ಬೇಯಿಸಿ ತಣಿಸಿದರೆ ಕಿಣ್ವ ಸತ್ತುಹೋಗುತ್ತದೆ, ಕಹಿಯಾಗೋದಿಲ್ಲ. ಡಬ್ಬಿಯ ಮಾವಿನ ರಸವಾದರೆ ಅದೂ ಬೇಕಿಲ್ಲ. ಹಸಿರಿಗೆ ಕಿವಿಯ ಬದಲು ಬೆಣ್ಣೆಹಣ್ಣು, ಬೆಂಗಳೂರಿನ ಜ್ಯೂಸ್ ಅಂಗಡಿಯ ಬಟರ್‌ಫ್ರೂಟ್. ಮಳೆಗಾಲದಲ್ಲಿ ಕೊಡಗಿನ ಕಡೆಯಿಂದ ಬರುತ್ತದೆ. ಸಕ್ಕರೆ, ನಾಲ್ಕು ಹನಿ ನಿಂಬೆರಸ ಹಾಕಿ ಕಿವುಚಿದರೆ ತಿಳಿ ಹಸಿರು, ಮೊಸರಿನ ಜೊತೆ ಬಹಳ ಸ್ನೇಹ. ಬಾಟಲಿಯ ಹಸಿರಿನಷ್ಟು ಗಾಢ ಇರೋದಿಲ್ಲ, ಇರಬೇಕಾದ್ದೂ ಇಲ್ಲ.

ಅದಕ್ಕಿಂತ ಜಾಣತನ ಬೇಕಾದರೆ ಜನವರಿ 26ರವರೆಗೆ ಕಾಯಿರಿ. ಆಗ ಕಿತ್ತಳೆ ರಾಶಿ ಬಿದ್ದಿರುತ್ತದೆ, ಹಸಿರು ದ್ರಾಕ್ಷಿ ಮಾರುಕಟ್ಟೆಗೆ ಇಳಿಯತೊಡಗಿರುತ್ತದೆ. ಕಿತ್ತಳೆ ತೊಳೆಯ ಸಿಪ್ಪೆ, ಬೀಜ ಬಿಡಿಸಿ ಮೇಲಿಟ್ಟು, ನಡುವೆ ಮೊಸರು, ಕೆಳಗೆ ಅರ್ಧ ಮಾಡಿದ ದ್ರಾಕ್ಷಿ ಹಾಕಿದರೆ ತ್ರಿವರ್ಣ ತಾನಾಗೇ ಬರುತ್ತದೆ, ಯಾರೂ ಬಳಿಯಬೇಕಿಲ್ಲ. ಎರಡು ರಾಷ್ಟ್ರೀಯ ಹಬ್ಬಗಳಲ್ಲಿ ಬಣ್ಣಕ್ಕೆ ಋತು ಒಪ್ಪೋದು ಒಂದಕ್ಕೆ ಮಾತ್ರ. ನಮ್ಮವರು ತ್ರಿವರ್ಣ ಅಡುಗೆಗೆ ಬೀಳೋದು ಮಾತ್ರ ಹೆಚ್ಚಾಗಿ ಇನ್ನೊಂದಕ್ಕೆ! ಅಂದಹಾಗೆ ಅಮೆರಿಕದಲ್ಲಿರುವ ನಮ್ಮ ಬ್ಲಾಗಿಗರಿಗೆ ಹೊಟ್ಟೆಕಿಚ್ಚು ಪಡುವಂಥ ಸೌಕರ್ಯ ಇದೆ. ಆಗಸ್ಟ್ ಹದಿನೈದಕ್ಕೆ ಸರಿಯಾಗಿ ನ್ಯೂಜೆರ್ಸಿಯ ಪೀಚ್ ಹಣ್ಣು ಮಾಗಿ ಅಪ್ಪಟ ಕೇಸರಿಯಾಗಿರುತ್ತದೆ, ಕ್ಯಾಲಿಫೋರ್ನಿಯಾದ ಹಸಿರು ದ್ರಾಕ್ಷಿಯ ಕಾಲವೂ ಅದೇ. ಭಾರತದ ಬಾವುಟದ ಲೋಟ ಇಲ್ಲಿಗಿಂತ ಅಲ್ಲೇ ಸಲೀಸು. ಮಾಡಿ, ಅಲ್ಲಿನ ಪಕ್ಕದ ಮನೆಯವರಿಗೂ ಕೊಡಿ. ಜುಲೈ ನಾಲ್ಕರ ಋಣ ಇದ್ದೇ ಇದೆಯಲ್ಲ.

ನವೆಂಬರ್ ಒಂದಕ್ಕೆ ಏನು ಅಂತ ಒಬ್ಬ ಗೆಳೆಯ ಆಗಲೇ ಕೇಳಿದ್ದಾನೆ. ಕನ್ನಡ ಬಾವುಟದಲ್ಲಿ ಅರಿಶಿನ-ಕುಂಕುಮ ಎರಡೇ, ನಡುವೆ ಮೊಸರಿಗೆ ಜಾಗವೇ ಇಲ್ಲ. ಆ ದಿನ ಸುಮ್ಮನೆ ಹೋಳಿಗೆ ಮಾಡೋಣ.

ನೇರಳೆ ಸಿಕ್ಕರೆ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಬೀಜ ಬಿಡಿಸಿ, ತಿರುಳಿಗೆ ಚಿಟಿಕೆ ಉಪ್ಪು, ಸಕ್ಕರೆ ಹಾಕಿ ಅರ್ಧ ಗಂಟೆ ಬಿಟ್ಟು ಲೋಟದ ತಳಕ್ಕೆ ಹಾಕಿದರೆ ಬ್ಲೂಬೆರಿಯ ಅಪ್ಪನಂಥ ಬಣ್ಣ, ರುಚಿ. ಬಿಡಿಸುವ ಕೆಲಸ ಮಾತ್ರ ಮಕ್ಕಳು ಧ್ವಜವಂದನೆ ಮುಗಿಸಿ ಬಂದು ಬಟ್ಟೆ ಬದಲಾಯಿಸಿದ ಮೇಲೆ ಕೊಡಿ. ಆವತ್ತು ಬಿಳಿ ಯೂನಿಫಾರಂ, ನೇರಳೆ ಕಲೆ ಹೋಗೋದಿಲ್ಲ.